ಗಿಡ ಎಳೆದು ನೋಡುವ ದೊಡ್ಡಕ್ಕ

ಕಂಪನಿಯ ಸಾಮಾಜಿಕ ಹೊಣೆಗಾರಿಕೆಯೆಂದರೆ ಊರಿಗೆ ಕೊಟ್ಟ ಮಾತು ಎಂಬುದನ್ನು ತಮ್ಮ ಇಡೀ ಸೇವಾವಧಿಯಲ್ಲಿ ನಡೆದು ತೋರಿಸಿದವರು, ಈಗ ನಮ್ಮ ಸಾಬೂನು ಕಾರ್ಖಾನೆಯಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ದೊಡ್ಡಕ್ಕ ಎಂದೇ ಕರೆಯುವ ಹಿರಿಯರು. ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುತ್ತ ಸೇವೆಗೆ ಸೇರಿದ ಅವರು ಹೊಣೆಗಾರಿಕೆ ವಿಭಾಗದ ಮುಖ್ಯಸ್ಥೆಯಾದರು.

ನಾನು ಅವರ ಕೈಕೆಳಗೆ ಬಂದಾಗ ನನಗೆ ಚೆನ್ನಾಗಿ ಗೊತ್ತಿದ್ದುದು ಅಜ್ಜಿಯ ಕಥೆಗಳಷ್ಟೇ. ಕಿಟಕಿಯಾಚೆ ನೋಡುತ್ತ ಮೈಮರೆತರೆ ಅವರು ಗದರುತ್ತಿರಲಿಲ್ಲ. "ವಾಪಸ್ ಬಂದ್ಯೇನಮ್ಮಾ? ಬಾ, ಈ ವರದಿ ನೋಡು" ಎನ್ನುತ್ತಿದ್ದರು. ವೇಷ ಮರೆಸಿ ಬಂದ ರಾಕ್ಷಸನ ಪಾದ ನೋಡು, ನಿಜ ಗೊತ್ತಾಗುತ್ತದೆ ಎನ್ನುತ್ತಿದ್ದಳು ಅಜ್ಜಿ. ದೊಡ್ಡಕ್ಕ ಬುಡ ನೋಡುತ್ತಿದ್ದರು. ಯಾರು ಗಿಡ ನೆಟ್ಟರೂ ಎರಡು ಬೆರಳಲ್ಲಿ ಕಾಂಡ ಹಿಡಿದು ಮೆಲ್ಲಗೆ ಎಳೆಯುವುದು ಅವರ ರೂಢಿ.

ನಾನು ಸೇರಿದ ವರ್ಷ ಸಾಬೂನಿನ ಹೊದಿಕೆಯ ಮೇಲೆ ಹಸಿರೆಲೆಯೊಂದು ಅಚ್ಚಾಗಿ, ಅದರಡಿ 'ತೊರೆಯ ಗೆಳೆಯ' ಎಂಬ ಬರಹ ಬಂತು. ಕಾರ್ಖಾನೆಯ ಹಿಂದಿನ ತೊರೆಯಲ್ಲಿ ಮಾತ್ರ ನಮ್ಮದೇ ನೊರೆ ತೇಲುತ್ತಿತ್ತು. ಅದೇ ತೊರೆಯ ದಂಡೆಯಲ್ಲಿ ಪ್ರಚಾರ ವಿಭಾಗದವರು ಏರ್ಪಡಿಸಿದ ಸಮಾರಂಭದಲ್ಲಿ ನಿರ್ದೇಶಕರು ನೆಟ್ಟ ಗಿಡವನ್ನು ದೊಡ್ಡಕ್ಕ ಎಂದಿನಂತೆ ಎಳೆದರು. ಅದು ಪ್ಲಾಸ್ಟಿಕ್ ಚೀಲದ ಸಮೇತ ಕೈಗೇ ಬಂತು!

"ಇದೇನಪ್ಪಾ, ಗಿಡಕ್ಕೂ ರೇನ್‌ಕೋಟಾ?"

"ಬಾಡಿಗೇದು ಮೇಡಂ. ಫೋಟೊ ಆದ್ಮೇಲೆ ನರ್ಸರಿಗೆ ವಾಪಸ್ ಕೊಡ್ಬೇಕು" ಎಂದು ಪ್ರಚಾರದ ಹುಡುಗ ತೊದಲಿದ.

ಎಲ್ಲರೂ ನಕ್ಕರು. ನಗದೆ ನಿಂತವರು ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರೇ. ನಾವು ಕೊಡಲಿದ್ದ ನೀರು ಶುದ್ಧೀಕರಿಸುವ ಯಂತ್ರವನ್ನು ಮರುದಿನವೇ ಅವರು ಬೇಡವೆಂದರು. "ಅದೂ ಬಾಡಿಗೇದೇನಮ್ಮಾ? ಫೋಟೊ ಆದ್ಮೇಲೆ ಬಿಚ್ಕೊಂಡು ಹೋಗ್ತೀರಾ?" ಮಕ್ಕಳು ಸಾಬೂನು ವಾಸನೆಯ ಬಾವಿನೀರನ್ನೇ ಕುಡಿಯುತ್ತ ಉಳಿದರು.

ದೊಡ್ಡಕ್ಕನ ಮುಖ ಅಷ್ಟು ಇಳಿದದ್ದನ್ನು ನಾನು ಬೇರೆಂದೂ ಕಂಡಿಲ್ಲ. ಆ ಸುಳ್ಳು ಎಲೆ ನಮ್ಮ ನಿಜವಾದ ಕೆಲಸಕ್ಕೂ ಮಸಿ ಬಳಿದಿತ್ತು. ನೇರ ನಿರ್ದೇಶಕರ ಕೋಣೆಗೆ ನಡೆದರು.

"ಮೊದ್ಲು ನೊರೆ ನಿಲ್ಸಿ ಸಾರ್, ಅಲ್ಲೀವರೆಗೂ ಎಲೆ ತೆಗೀರಿ. ಆಗಲ್ಲ ಅಂದ್ರೆ ನನ್ನ ವಿಭಾಗಕ್ಕೆ ಬೀಗ ಹಾಕಿ. ನಮ್ಮನ್ನ ನಂಬದೇ ಇರೋರಿಗೆ ನಾನು ಏನು ಅಂತ ಕೊಡ್ಲಿ?"

ಎಲೆ ಹೋಯಿತು, ತಡವಾಗಿಯಾದರೂ ಕೊಳೆನೀರು ಶುದ್ಧೀಕರಣ ಘಟಕ ಬಂತು. ದೊಡ್ಡಕ್ಕ ಮುಖ್ಯೋಪಾಧ್ಯಾಯಿನಿಯನ್ನು ತಾವೇ ಕರೆತಂದು, ತೊರೆಗೆ ನೀರು ಬಿಡುವ ಕೊಳವೆಯ ಬಾಯಿ ತೋರಿಸಿದರು. ನೀರಲ್ಲಿ ನೊರೆಯಿರಲಿಲ್ಲ. ಯಂತ್ರ ಶಾಲೆ ಸೇರಿತು. ಫೋಟೊ ಯಾರೂ ತೆಗೆಯಲಿಲ್ಲ.

ಮೊನ್ನೆ ಶಾಲೆಯ ಮಕ್ಕಳು ದಂಡೆಯಲ್ಲಿ ತಾವೇ ಬೆಳೆಸಿದ ಗಿಡ ತೋರಿಸಲು ದೊಡ್ಡಕ್ಕನನ್ನು ಕರೆದೊಯ್ದರು. ಕೈ ಸುಮ್ಮನಿದ್ದೀತೇ? ಎಳೆದರು. ಗಿಡ ಜಗ್ಗಲಿಲ್ಲ.

"ಇನ್ನೂ ಜೋರಾಗಿ ಎಳೀರಿ ಮೇಡಂ!" ಎಂದು ಮುಖ್ಯೋಪಾಧ್ಯಾಯಿನಿ ನಕ್ಕರು, ಅಂದು ನಗದೆ ನಿಂತಿದ್ದ ಅದೇ ದಂಡೆಯಲ್ಲಿ.

ನಮ್ಮ ದೊಡ್ಡಕ್ಕನಿಗೆ ಆಯುಷ್ಯ, ಆರೋಗ್ಯ ತುಂಬಿ ಬರಲಿ. ಆ ಎರಡು ಬೆರಳುಗಳಿಗೆ ಮಾತ್ರ ನಿವೃತ್ತಿ ಬಾರದಿರಲಿ.