ಶೇವಂತಾ ಬಾಯಿ ಮುಚ್ಚಲು ಕಲಿತದ್ದು

ಕೊಗನೊಳ್ಳಿಯ ಶೇವಂತಾ ಜಗಳ ಬಿಡಿಸುವ ತರಬೇತಿಗೆ ಹೋದದ್ದು ಜಗಳ ಬಿಡಿಸುವ ಆಸೆಯಿಂದ ಅಲ್ಲ. ಆಕೆಯನ್ನು ಒಂದು ವಾರ ಎಲ್ಲಿಗಾದರೂ ಕಳಿಸಿದರೆ ಸಾಕು ಎಂದು ಜೊತೆಯ ಹೆಂಗಸರಿಗೆಲ್ಲ ಅನಿಸಿತ್ತು, ಅದಕ್ಕೇ ಹೋದಳು.

ಇದು ೧೯೯೧ರ ಮಾತು. ಶೇವಂತಾ ದಿನಾ ಬಸ್ಸು ಹಿಡಿದು ನಿಪ್ಪಾಣಿಗೆ ಬಂದು ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿಯುತ್ತಿದ್ದಳು. ಉಳಿದವರು ಧೂಳಿಗೆ ಹೆದರಿ ಮೂಗು ಬಾಯಿಗೆ ಸೆರಗು ಸುತ್ತಿ ಸುಮ್ಮನೆ ಕೆಲಸ ಮಾಡಿದರೆ, ಇವಳು ಸೆರಗಿನ ಹಿಂದಿನಿಂದಲೇ ಮಾತಾಡುತ್ತಿದ್ದಳು. ಬೈಗುಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಎರಡೂ ಬರುವವರಿಗೆ ಪೂರ್ತಿ ಸಿಗುತ್ತಿತ್ತು, ಒಂದೇ ಬರುವವರಿಗೆ ಅರ್ಧ.

ತಂಬಾಕಿನ ಕೆಲಸದ ಹೆಣ್ಣುಮಕ್ಕಳ ಸಂಘಟನೆಯೊಂದು ಆ ವರ್ಷ ಚಿಕ್ಕೋಡಿಯಲ್ಲಿ ವಾರದ ತರಬೇತಿ ಇಟ್ಟಿತು. ವಖಾರಿಗೊಬ್ಬರಂತೆ ಬರಬೇಕು, ಕಲಿತು ಹೋಗಿ ತಮ್ಮ ತಮ್ಮಲ್ಲಿಯ ತಂಟೆಗಳನ್ನು ತಾವೇ ಬಗೆಹರಿಸಿಕೊಳ್ಳಬೇಕು ಎಂಬುದು ಅದರ ವಿಚಾರ. ಯಾರು ಹೋಗುತ್ತೀರಿ ಎಂದು ಕೇಳಿದಾಗ ಎಲ್ಲರೂ ಶೇವಂತಾಳ ಕಡೆ ಬೆರಳು ತೋರಿಸಿದರು. ಶೇವಂತಾ ಇದನ್ನು ಗೌರವ ಎಂದುಕೊಂಡಳು.

ಕಲಿಸಲು ಬಂದವರು ಮಹಾವೀರ ಸರ್. ಕಾರ್ಮಿಕ ಇಲಾಖೆಯಲ್ಲಿ ಇಡೀ ನೌಕರಿಯನ್ನು ಮಾಲೀಕರ ಮತ್ತು ಕೂಲಿಗಳ ನಡುವೆ ಕುಳಿತೇ ಕಳೆದು ನಿವೃತ್ತರಾದ ತೆಳ್ಳನೆಯ ಮನುಷ್ಯ. ಅವರ ಮೊದಲ ಪಾಠ ಸುಲಭದ್ದಾಗಿತ್ತು: ಪಕ್ಕದವಳು ತನ್ನ ಕಷ್ಟ ಹೇಳಿ ಮುಗಿಸುವ ತನಕ ಬಾಯಿ ತೆರೆಯಬಾರದು. ಪಕ್ಕದವಳು ತನ್ನ ಹೆಸರು ಹೇಳುವಷ್ಟರಲ್ಲಿ ಶೇವಂತಾ ಅವಳಿಗೆ ಎರಡು ಬುದ್ಧಿಮಾತು ಹೇಳಿ ಆಗಿತ್ತು.

ಮರುದಿನ ಸರ್ ತಾವೇ ಕುಡುಕ ಗಂಡನ ಪಾತ್ರ ಹಾಕಿದರು. ಇನ್ನೊಬ್ಬಳು ಹೆಂಡತಿ, ಶೇವಂತಾ ಮಧ್ಯಸ್ಥಿಕೆ ವಹಿಸುವವಳು. ಸರ್ ಪಾತ್ರದಲ್ಲಿ ಮುಳುಗಿ ಹೆಂಡತಿಯ ತವರಿನ ಬಗ್ಗೆ ಏನೋ ಅಂದರು. ಶೇವಂತಾಳ ಕೈ ತಾನಾಗಿ ಚಪ್ಪಲಿಗೆ ಹೋಯಿತು. ಸರ್ ಒಂದೇ ಜಿಗಿತಕ್ಕೆ ಗಂಡನ ಪಾತ್ರ ಬಿಟ್ಟು ಕಪ್ಪು ಹಲಗೆಯ ಹಿಂದೆ ನಿಂತು ಹೇಳಿದರು: "ಬಾಯಾರ, ಚಪ್ಪಲಿ ಈ ತರಬೇತ್ಯಾಗ ಇಲ್ಲರಿ."

ಸಂಜೆ ಅವರೇ ಅವಳನ್ನು ಕರೆದು ಕೂರಿಸಿಕೊಂಡರು. ಮಾತು ಬರುವುದು ತಪ್ಪಲ್ಲ, ತಡೆಯಲು ನಿಮ್ಮದೇ ಒಂದು ಉಪಾಯ ಹುಡುಕಿಕೊಳ್ಳಿ ಎಂದರು. ಶೇವಂತಾ ಹುಡುಕಿಕೊಂಡಳು. ಮಾರನೆಯ ದಿನದಿಂದ ಎದುರಿನವರು ಮಾತು ಶುರುಮಾಡಿದೊಡನೆ ಅವಳು ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ಮಿಸರಿಯನ್ನು ಹಲ್ಲಿಗೆ ಹಚ್ಚಿ ತಿಕ್ಕತೊಡಗಿದಳು. ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ಹಚ್ಚಿದವಳು ಮಾತಾಡಿದರೆ ಎದುರಿನವರ ಅಂಗಿ ಕೆಡುತ್ತದೆ, ಮಾತಾಡದಿದ್ದರೆ ತಲೆ ತಣ್ಣಗಾಗುತ್ತದೆ. ಸರ್‌ಗೆ ಇದು ಹಿಡಿಸಲಿಲ್ಲ. ಆದರೆ ಆಕೆ ಕೊನೆಯ ತನಕ ಕೇಳಿಸಿಕೊಂಡದ್ದು ಅದೇ ಮೊದಲು, ಆದ್ದರಿಂದ ಸುಮ್ಮನಾದರು.

ಮುಂದಿನ ಪಾಠಗಳು ಅವಳಿಗೆ ಸೇರಿದವು. ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಹೇಳಿ, ಹೌದೋ ಅಲ್ಲವೋ ಎಂದು ಕೇಳುವುದು. ಏನು ಬೇಕು ಎಂದು ಕೇಳಿ ಅಲ್ಲಿಗೇ ನಿಲ್ಲದೆ, ಅದು ಯಾಕೆ ಬೇಕು ಎಂದೂ ಕೇಳುವುದು. ನುಂಗಲಾಗದ ಪಾಠ ಒಂದೇ: ತಪ್ಪು ಯಾರದೆಂದು ಮಧ್ಯಸ್ಥಳು ಹೇಳುವಂತಿಲ್ಲ. ಹಾಗಾದರೆ ನಡುವೆ ಕೂತು ಸುಖವೇನು ಎಂದು ಅವಳು ಕೇಳಿದಳು. ಸರ್ ನಕ್ಕು, ನನಗೂ ಅದು ಗೊತ್ತಾಗಲು ಬಹಳ ವರ್ಷ ಹಿಡಿಯಿತು ಎಂದಷ್ಟೇ ಹೇಳಿದರು.

ಮನೆಗೆ ಬಂದು ಗಂಡ ನಾಮದೇವನ ಮೇಲೆ ಪ್ರಯೋಗ ಮಾಡಿದಳು. ಅನ್ನ ಸೀದಿದೆ ಎಂದು ಅವನು ತಾಟು ದೂಡಿದ. ಶೇವಂತಾ ಮೆತ್ತಗೆ, ಅನ್ನ ಸೀದದ್ದಕ್ಕೆ ನಿಮಗೆ ಬೇಸರವಾಗಿದೆ, ಹೌದೇನ್ರಿ ಎಂದು ಕೇಳಿದಳು. ನಾಮದೇವ ಅವಳ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ತಾಟು ಎಳೆದುಕೊಂಡು, ಸೀದ ಅನ್ನವನ್ನು ತುಟಿ ಎರಡು ಮಾಡದೆ ಉಂಡ. ಮರುದಿನ ಓಣಿಯಲ್ಲಿ, ಚಿಕ್ಕೋಡಿಯವರು ನನ್ನ ಹೆಂಡತಿಗೆ ಏನೋ ಮಾಡಿ ಕಳಿಸಿದ್ದಾರೆ ಎಂದು ಹೇಳಿಕೊಂಡು ತಿರುಗಿದ.

ವಖಾರಿಯ ಜಗಳ ಹೊತ್ತಿಕೊಂಡದ್ದು ಬೇಸಿಗೆಯಲ್ಲಿ. ಅಷ್ಟು ದೊಡ್ಡ ವಖಾರಿಗೆ ಇದ್ದದ್ದು ಒಂದೇ ಕಿಟಕಿ, ಅದರ ಬುಡದಲ್ಲಿ ಕೂರುತ್ತಿದ್ದವಳು ಶೇವಂತಾ. ಬಲಕ್ಕೂ ಎಡಕ್ಕೂ ಕೊಗನೊಳ್ಳಿಯ ಹೆಂಗಸರು. ನಿಪ್ಪಾಣಿಯವರಿಗೆಲ್ಲ ಒಳಗಿನ ಕತ್ತಲೆ ಮೂಲೆ. ಒಂದು ಬೆಳಿಗ್ಗೆ ನಿಪ್ಪಾಣಿಯ ಸೋನಾಬಾಯಿ ಬೇಗ ಬಂದು ಕಿಟಕಿಯ ಬಳಿ ಜರಡಿ ಹಾಕಿ ಕುಳಿತಿದ್ದಳು. ಹೆರಿಗೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದ ಹುಡುಗಿ. ಕೊಗನೊಳ್ಳಿಯವರು ಅವಳ ಜರಡಿ ಎತ್ತಿ ಎಸೆದರು, ನಿಪ್ಪಾಣಿಯವರು ಎಸೆದವರ ಜಡೆ ಹಿಡಿದರು. ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ತುಕಾರಾಮ ಓಡಿ ಬಂದು, ಇನ್ನೊಮ್ಮೆ ಹೀಗಾದರೆ ಕಿಟಕಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸುತ್ತೇನೆ ಎಂದ.

ಮಧ್ಯಾಹ್ನ ಮತ್ತೆ ಕಿಟಕಿಯ ಬುಡದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ಶೇವಂತಾಳನ್ನು ಯಾರೋ ಚುಚ್ಚಿದರು: ತರಬೇತಿಗೆ ಹೋಗಿ ಬಂದೆಯಲ್ಲ, ಬಿಡಿಸು. ಶೇವಂತಾ ತೊಡಕಿಗೆ ಸಿಕ್ಕಳು. ಜಗಳವೇ ತನ್ನ ಜಾಗದ್ದು. ತನ್ನ ಜಗಳಕ್ಕೆ ತಾನೇ ಮಧ್ಯಸ್ಥಳಾಗಬಾರದು ಎಂದು ಸರ್ ಒತ್ತಿ ಹೇಳಿದ್ದರು. ಅದನ್ನೇ ಎಲ್ಲರೆದುರು ಹೇಳಿ, ಬೇಕಾದರೆ ಚಿಕ್ಕೋಡಿಯಿಂದ ಸರ್ ಅವರನ್ನು ಕರೆಸೋಣ ಎಂದಳು.

ಸೋನಾಬಾಯಿ ಬೇಡ ಎಂದಳು. "ಅವರು ಬಂದು ಸಾಲಿ ಪಾಠ ಹಚ್ತಾರ ಅಷ್ಟ. ನೀನ ಕುಂದರು ಶೇವಂತಕ್ಕಾ. ಖರೆ, ಮೊದಲ ಆ ಜಾಗಾದಿಂದ ಏಳು."

ಶೇವಂತಾ ಏಳಲು ಹೊತ್ತು ಹಿಡಿಯಿತು. ಆ ಕಿಟಕಿಯಿಂದ ಕಾಣುವ ರಸ್ತೆಯೇ ಅವಳ ಪೇಪರು, ರೇಡಿಯೋ ಎಲ್ಲ. ಯಾರು ಯಾರ ಸೈಕಲ್ಲಿನ ಮೇಲೆ ಕೂತು ಹೋದರು ಎಂಬುದು ನಿಪ್ಪಾಣಿಯಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೆ. ಆದರೂ ಎದ್ದಳು. ಜರಡಿ ತೆಗೆದುಕೊಂಡು ಧೂಳಿನ ನಡುವೆ ಹೋಗಿ ಕುಳಿತು, ಡಬ್ಬಿ ತೆಗೆದು ಹಲ್ಲಿಗೆ ಹಚ್ಚಿ, ಶುರುಮಾಡು ಎಂದು ಕೈಸನ್ನೆ ಮಾಡಿದಳು.

ಸೋನಾಬಾಯಿ ಮೊದಲು ಬೈದಳು, ಆಮೇಲೆ ಕೊಗನೊಳ್ಳಿಯವರು ಬೈದರು. ಎಲ್ಲರ ಉಸಿರು ಮುಗಿದ ಮೇಲೆ ಶೇವಂತಾ ಎದ್ದು ಹೋಗಿ ಉಗಿದು ಬಂದು, ಕಿಟಕಿ ಯಾಕೆ ಬೇಕು ಎಂದು ಕೇಳಿದಳು. ಗಾಳಿಗೆ ಎಂದರು ಕೊಗನೊಳ್ಳಿಯವರು. ಸೋನಾಬಾಯಿ ತಡೆದು ಹೇಳಿದಳು: "ನನಗ ಗಾಳಿ ಬ್ಯಾಡ. ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಹೊರಗ ಬೇವಿನ ಗಿಡದ ಬುಡಕ ಕುಂದ್ರಿಸೀನಿ. ಅದು ಅಳಾಕತ್ತಿದ್ದು ಆ ಕಿಟಕ್ಯಾಗಿಂದ ಕಾಣ್ತೈತಿ."

ಸೋನಾಬಾಯಿಯ ಜರಡಿ ಎಸೆದಿದ್ದವಳು ತನ್ನ ಜರಡಿ ನೋಡುತ್ತ ಕುಳಿತಳು. ಎಸೆದವರದೇ ತಪ್ಪು ಎಂಬ ಮಾತು ಶೇವಂತಾಳ ನಾಲಗೆಯ ತುದಿಗೆ ಬಂದಿತ್ತು. ಮಿಸರಿಯ ಉಳಿದ ರಸದ ಜೊತೆಗೇ ಅದನ್ನು ನುಂಗಿಕೊಂಡಳು, ಬಿಕ್ಕಳಿಕೆ ಬಂದಿತು.

ಕಿಟಕಿಯಿಂದ ಓರೆಯಾಗಿ ಕಾಣುತ್ತಿದ್ದ ಆ ಬೇವಿನ ಗಿಡ ಇದ್ದದ್ದು ವಖಾರಿಯ ಹಿಂದಿನ ಬಾಗಿಲ ಎದುರಿಗೇ. ಆ ಬಾಗಿಲಿಗೆ ಸದಾ ಬೀಗ. ಅದು ತೆರೆದರೆ ಗಾಳಿಯೂ ಬರುತ್ತದೆ, ಕೂಸೂ ಕಾಣುತ್ತದೆ ಎಂದು ಮೊದಲು ಹೇಳಿದವಳು ಜರಡಿ ಎಸೆದವಳೇ. ಎರಡೂ ಕಡೆಯವರು ಒಟ್ಟಾಗಿ ತುಕಾರಾಮನ ಮುಂದೆ ಹೋಗಿ ನಿಂತರು. ಆಗದು ಎಂದ. ಶೇವಂತಾ ಅವನಿಗೂ ಅದೇ ಪಾಠ ಹಚ್ಚಿದಳು: ಯಾಕೆ ಆಗದು? ಮಾಲು ಸೆರಗಿನಲ್ಲಿ ಹೊರಗೆ ಹೋಗುತ್ತದೆ ಎಂದು ಮಾಲೀಕರಿಗೆ ಭಯ ಎಂದ. ಶೇವಂತಾ ಅದನ್ನೇ ತಿರುಗಿ ಹೇಳಿದಳು: "ಅಂದ್ರ ಬಾಗಲಾ ತೆರದ್ರ ಅಂಜಿಕಿ ಇಲ್ಲ, ನಾವು ಹೊರಗ ಹೋದ್ರ ಅಂಜಿಕಿ. ಹೌದಲ್ರಿ?" ತುಕಾರಾಮ ಬಹಳ ಹೊತ್ತು ಯೋಚಿಸಿ, ಅದರಲ್ಲಿ ಎಲ್ಲಿ ಸಿಕ್ಕಿಬಿದ್ದೆ ಎಂದು ತಿಳಿಯದೆ, ಹೌದು ಎಂದ. ಹಾಗಾದರೆ ಬಾಗಿಲಿಗೆ ಕಬ್ಬಿಣದ ಜಾಳಿಗೆ ಹೊಡೆಸಿ ಅದಕ್ಕೆ ಬೀಗ ಹಾಕಿ ಎಂದರು ಹೆಂಗಸರು.

ಜಾಳಿಗೆ ಬಂತು. ಮಾಲೀಕರು ಅದಕ್ಕೆ ತೆಂಗಿನಕಾಯಿ ಒಡೆದು, ಕೆಲಸಗಾರರ ಕಷ್ಟ ತಮಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಭಾಷಣ ಮಾಡಿದರು. ಸೋನಾಬಾಯಿ ಜಾಳಿಗೆಯ ಬದಿಗೆ ಕೂತಳು. ಕೂಸು ಅತ್ತಾಗ ಒಳಗಿನಿಂದಲೇ ನಾಲಗೆ ಹೊರಳಿಸಿ ಸದ್ದು ಮಾಡುತ್ತಿದ್ದಳು, ಅದು ಸುಮ್ಮನಾಗುತ್ತಿತ್ತು. ಹಿಂದಿನಿಂದ ಬಂದ ಗಾಳಿ ವಖಾರಿಯ ಧೂಳನ್ನೆಲ್ಲ ಎತ್ತಿ ನೇರವಾಗಿ ತುಕಾರಾಮನ ಮೇಜಿನ ಕಡೆ ಒಯ್ಯುತ್ತಿತ್ತು. ಅವನು ಮೂಗು ಮುಚ್ಚಿಕೊಂಡು ಶೇವಂತಾಳ ಬಳಿ ಬಂದು, ಇದನ್ನೂ ಸ್ವಲ್ಪ ಬಗೆಹರಿಸು ಎಂದ. ಶೇವಂತಾ ಬಹಳ ಗಂಭೀರವಾಗಿ, ಗಾಳಿಯನ್ನು ಎದುರಿಗೆ ಕರೆದುಕೊಂಡು ಬನ್ನಿ, ಇಬ್ಬರನ್ನೂ ಕೂರಿಸಿ ಕೇಳುತ್ತೇನೆ ಎಂದಳು.