ಎದ್ದು ನಿಲ್ಲುವುದು ಯಾರಿಗೆ

ಸರ್ಕಾರಿ ಜೀಪಿನ ಸದ್ದು ಕೇಳಿದರೆ ನಾನು ಇವತ್ತಿಗೂ ಎದ್ದು ನಿಲ್ಲುತ್ತೇನೆ. ತಾಲ್ಲೂಕು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾದ ಸುದ್ದಿ ನನ್ನ ಮಂಡಿಗಳಿಗೆ ಇನ್ನೂ ಮುಟ್ಟಿಲ್ಲ. "ಕುಂತ್ಕಳ್ರಿ, ಅದು ಹಾಲಿನ ವ್ಯಾನು" ಎಂದು ಹೆಂಡತಿ ರೇಗಿಸುತ್ತಾಳೆ.

ಅಧಿಕಾರಕ್ಕೆ ಜನ ಯಾಕೆ ತಲೆಬಾಗುತ್ತಾರೆ? ಹಳೆಯ ಶಾಸ್ತ್ರಕಾರರು ದಂಡದ ಭಯಕ್ಕೆ ಎಂದರು, ಈಗಿನವರು ಮತದ ಬಲಕ್ಕೆ ಎನ್ನುತ್ತಾರೆ. ನಮ್ಮ ದುರ್ಗದವರು ಏಳು ಸುತ್ತಿನ ಕೋಟೆ ತೋರಿಸಿ ಸುಮ್ಮನಾಗುತ್ತಾರೆ. ನಾನಂತೂ ಬಹುಕಾಲ ಮೊಹರಿಗೆ ಎಂದು ನಂಬಿದ್ದೆ, ಏಕೆಂದರೆ ಮೊಹರು ನನ್ನ ಮೇಜಿನ ಮೇಲಿತ್ತು.

ಆ ನಂಬಿಕೆ ಹೋದದ್ದು ಧರ್ಮಪುರದ ಕಡೆ, ಕುರಿ ಸಾಕುವವರ ಒಂದು ಹಟ್ಟಿಯಲ್ಲಿ. ಮೈಲಿಗೆಯೆಂದು ಅಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಆಚೆ, ತೆಂಗಿನ ಗರಿಯ ಗುಡಿಸಲಲ್ಲಿ ಇಡುತ್ತಿದ್ದರು. ಮಾಗಿಯ ಚಳಿ ಬೇರೆ. ನಮ್ಮ ತಹಶೀಲ್ದಾರ್ ಸಾಹೇಬರು ನನ್ನನ್ನೂ ಕರೆದುಕೊಂಡು ಬಂದು ಕಾನೂನು ಹೇಳಿದರು, ಗುಡಿಸಲು ಕೀಳಿಸಿದರು. ಬಾಣಂತಿಯ ಅತ್ತೆ ಈರಜ್ಜಿ ಕೈಮುಗಿದಳು. "ಆಗ್ಲಿ ಸ್ವಾಮಿ, ನೀವ್ ಹೇಳ್ದಂಗೇ ಮಾಡ್ತೀವಿ. ಮಜ್ಜಿಗೆ ಕುಡೀರಿ." ಕುಡಿದೆವು. ಮಜ್ಜಿಗೆ ಚೆನ್ನಾಗಿತ್ತು. ಜೀಪು ಹಿರಿಯೂರು ಸೇರುವ ಮೊದಲೇ ಗುಡಿಸಲು ಮತ್ತೆ ಎದ್ದಿತ್ತಂತೆ, ಎಬ್ಬಿಸಿದವಳು ಈರಜ್ಜಿಯೇ.

ಆ ವಾರವೇ ಕೂಸು ಶೀತ ಹತ್ತಿ ಸತ್ತುಹೋಯಿತು. ಕಡತದಲ್ಲಿ ಮಾತ್ರ ನಮ್ಮ ಆದೇಶ ಜಾರಿಯಾಗಿತ್ತು.

ಮರುವರ್ಷ ಈರಜ್ಜಿಯ ಕಿರಿಯ ಸೊಸೆಗೆ ಹೆರಿಗೆಯಾಯಿತು. ನಾನು ಮತದಾರರ ಪಟ್ಟಿಯ ಕೆಲಸಕ್ಕೆ ಹಟ್ಟಿಗೆ ಹೋಗಿದ್ದ ದಿನವೇ ಆಕೆ ಆಸ್ಪತ್ರೆಯಿಂದ ಬಂದಳು. ಈರಜ್ಜಿ ಅವಳ ಕೈಹಿಡಿದು ನೇರ ಮನೆಯ ಕಡೆ ನಡೆಸಿದಳು. ಹಟ್ಟಿಯ ಯಜಮಾನ ಅಡ್ಡ ಬಂದ.

"ಯಾರ ಅಪ್ಪಣೆ ಮ್ಯಾಲೆ ಕರ್ಕಂಡ್ ಹೋಗ್ತೀಯವ್ವ? ದ್ಯಾವ್ರು ಮುನಿಸ್ಕಂಡ್ರೆ?"

"ಮುನಿಸ್ಕಳಾಕೆ ಇನ್ನೇನ್ ಉಳಿದೈತೆ? ನಿನ್ನ ಮಾತೂ ಕೇಳಿದ್ದೆ, ದ್ಯಾವ್ರ ಮಾತೂ ಕೇಳಿದ್ದೆ. ಆ ಕೂಸಿಗೆ ಮಣ್ಣಾಕಿದ್ದು ಈ ಕೈ. ದಾರಿ ಬಿಡಪ್ಪ."

ಯಜಮಾನ ದಾರಿ ಬಿಟ್ಟ. ಅವಳ ಕೈಯಲ್ಲಿ ದಂಡವಿರಲಿಲ್ಲ, ಮೊಹರಿರಲಿಲ್ಲ, ಅವಳಿಗೆ ಯಾರೂ ಮತ ಹಾಕಿರಲಿಲ್ಲ. ಆದರೂ ಆಮೇಲೆ ಆ ಹಟ್ಟಿಯಲ್ಲಿ ಯಾರೂ ಗುಡಿಸಲು ಕಟ್ಟಲಿಲ್ಲ. ಕಟ್ಟಳೆ ಮುರಿಯುವ ಹಕ್ಕನ್ನು ಜನ ಆ ಕಟ್ಟಳೆ ಪಾಲಿಸಿ ತಮ್ಮವರನ್ನು ಕಳೆದುಕೊಂಡವರಿಗಷ್ಟೇ ಕೊಡುತ್ತಾರೇನೋ. ಅಂಥ ಅಧಿಕಾರ ಯಾರಿಗೂ ಬರುವುದು ಬೇಡ.

ಮೊನ್ನೆ ಹಿರಿಯೂರು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಾಗ ಈರಜ್ಜಿ ಕೋಲೂರಿಕೊಂಡು ಬಂದಳು. ಎದ್ದು ನಿಂತೆ.

"ಕುಂತ್ಕಳ್ರಿ ಸ್ವಾಮಿ, ನಾನೇನ್ ಸರ್ಕಾರಾನಾ?" ಎಂದಳು.

ನಾನು ಕೂರಲಿಲ್ಲ.