ಹಳಿಯಿಲ್ಲದ ಊರಿನ ಸ್ಟೇಷನ್ ಮಾಸ್ಟ್ರು

ಅವರ ಬಲಗೈಯ ಹೆಬ್ಬೆರಳು ಸದಾ ಕೆಂಪು. ಪಾರ್ಸೆಲ್‌ಗಳಿಗೆ ಬಿಸಿ ಅರಗಿನ ಮುದ್ರೆ ಒತ್ತಿ ಒತ್ತಿ ಉಗುರಿನ ಸಂದಿಯಲ್ಲೂ ಅರಗು ಕೂತಿತ್ತು. ಮೂಡುಬಿದಿರೆಗೆ ರೈಲು ಬರಲೇ ಇಲ್ಲ. ಆದರೂ ಐವತ್ತರ ದಶಕದಲ್ಲಿ ಪೇಟೆಯ ಒಂದು ಹಂಚಿನ ಕೋಣೆಯಲ್ಲಿ ರೈಲ್ವೆ ಬುಕಿಂಗ್ ಆಫೀಸು ಇತ್ತು. ಅಲ್ಲಿ ಬುಕ್ ಮಾಡಿದ ಸರಕನ್ನು ಗುತ್ತಿಗೆದಾರರೊಬ್ಬರ ಲಾರಿ ಮಂಗಳೂರಿನ ರೈಲಿಗೆ ಮುಟ್ಟಿಸುತ್ತಿತ್ತು. ಅಲ್ಲಿದ್ದ ಒಬ್ಬರೇ ಗುಮಾಸ್ತರನ್ನು ಊರೆಲ್ಲ ಸ್ಟೇಷನ್ ಮಾಸ್ಟ್ರು ಎನ್ನುತ್ತಿತ್ತು, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಅವರು ಮಾತ್ರ ಮೊದಲಿನಿಂದಲೂ ಅದನ್ನು ನಿಜವೆಂದೇ ನಂಬಿದ್ದರು. ಲಾರಿ ಹೊರಡುವಾಗ ಬಾಗಿಲಿಗೆ ಬಂದು ಹಸಿರು ಬಾವುಟ ಬೀಸುತ್ತಿದ್ದರು. ಬೀಸದೆ ಡ್ರೈವರನೂ ಹೊರಡುತ್ತಿರಲಿಲ್ಲ.

ನಿಯಮದ ವಿಷಯದಲ್ಲಿ ಮಹಾ ಹಠಮಾರಿ. "ಬುಕ್ ಆಗದ್ದು ಲಾರಿ ಹತ್ತುವುದಿಲ್ಲ ಮಾರಾಯ" ಎಂದು ಸ್ವಂತ ಭಾವನ ಬಾಳೆಗೊನೆಯನ್ನೂ ವಾಪಸು ಕಳಿಸಿದವರು. ನನಗೆ ಅವರೆಂದರೆ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ, ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಅಕ್ಕನಿಗೆ ಬೇನೆ ಹಿಡಿಯಿತು. ಮಗು ಅಡ್ಡವಾಗಿತ್ತು. ಸೂಲಗಿತ್ತಿ ಕೈಚೆಲ್ಲಿ, ಮಂಗಳೂರಿನ ಆಸ್ಪತ್ರೆಗೆ ಒಯ್ಯಿರಿ ಎಂದಳು. ಬಸ್ಸು ಹೋಗಿಯಾಗಿತ್ತು. ಪೇಟೆಯಲ್ಲಿದ್ದದ್ದು ಆ ಲಾರಿ ಒಂದೇ, ಅದರ ತುಂಬ ವೀಳ್ಯದೆಲೆಯ ಬುಟ್ಟಿಗಳು. ಅಪ್ಪನ ಹಿಂದೆ ನಾನೂ ಓಡಿದೆ.

"ಜನ ಹತ್ತುವ ಹಾಗಿಲ್ಲ" ಎಂದರು ಮಾಸ್ಟ್ರು.

ಅಪ್ಪ ಕೈಮುಗಿದರು. ಮಾಸ್ಟ್ರು ರಸೀದಿ ಪುಸ್ತಕ ಎಳೆದುಕೊಂಡು "ಬೇಗ ಕೆಡುವ ಸರಕು, ಒಂದು. ಜಾಗ್ರತೆ" ಎಂದು ಬರೆದರು. "ಈಗ ಬುಕ್ ಆಯಿತು. ಕರ್ಕೊಂಡು ಬನ್ನಿ."

ಬುಟ್ಟಿಗಳನ್ನು ತಾವೇ ಬೀದಿಗೆ ಇಳಿಸಿದರು. ಅಮ್ಮ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕೂತಳು. ಮಾಸ್ಟ್ರು ಬಾವುಟ ಬೀಸಿಯೇ ಕಳಿಸಿದರು.

ಅಕ್ಕ ಉಳಿದಳು, ಮಗನೂ ಉಳಿದ. ವೀಳ್ಯದೆಲೆ ಬಾಡಿತು. ವ್ಯಾಪಾರಿಗಳು ದೂರು ಕೊಟ್ಟರು, ಆ ರಸೀದಿ ಗುತ್ತಿಗೆದಾರರ ಕೈಗೂ ಸಿಕ್ಕಿತು. ಮಾಸ್ಟ್ರ ಕೆಲಸ ಹೋಯಿತು. ಬೇರೆ ಯಾರೂ ಸಿಗದೆ ಆಫೀಸಿಗೂ ಬೀಗ ಬಿತ್ತು. ಅಪ್ಪ ತಲೆ ತಗ್ಗಿಸಿಕೊಂಡು ಅವರ ಮನೆಗೆ ಹೋದಾಗ, "ಸರಕು ಸರಿಯಾಗಿ ಮುಟ್ಟಿದೆಯಲ್ಲ ಅಣ್ಣ? ಮತ್ತೆ ಎಂಥದ್ದು ಬೇಜಾರು?" ಎಂದರಂತೆ.

ಆಮೇಲೆ ಅವರು ಬಂಟ್ವಾಳದ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆದರು. ಆ ಕಡೆಗೆ ಹಳಿ ಬರುತ್ತದಂತೆ ಎಂಬ ಮಾತು ಶುರುವಾದ ಕಾಲಕ್ಕೆ ತೀರಿಕೊಂಡರು.

ಅಕ್ಕನ ಗಂಡನ ಮನೆಗೆ ಸುದ್ದಿ ಮುಟ್ಟಿಸಿದ್ದು ನಾನೇ. ಅಕ್ಕ ಕೇಳಿದವಳೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು.

"ಅವರು ನಮಗೆ ರಕ್ತಸಂಬಂಧ ಅಲ್ಲವಲ್ಲ, ನಿನಗೆ ಎಂಥ ಸೂತಕ?" ಎಂದರು ಅವಳ ಅತ್ತೆ.

ಅಕ್ಕ ಮಗನನ್ನೂ ಕರೆದು ಮೀಯಿಸಿದಳು.